ಕೋವಿ ಕೆಳಗಿಟ್ಟ ವರ್ಷ

ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ರಾಮನಗರಕ್ಕೆ ಹೋಗಿದ್ದೆ. ಸಾತನೂರಿನಿಂದ ಮೊದಲ ಬಸ್ಸಿಗೇ ಹೊರಟಿದ್ದರಿಂದ ಡಾಕ್ಟರ ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಒಬ್ಬ ಹೆಂಗಸು ಡಾಕ್ಟರ ಹೆಸರು ಕೊರೆದ ಹಿತ್ತಾಳೆ ಫಲಕಕ್ಕೆ ಬಿಳಿಯ ಪಾಲಿಶ್ ಹಚ್ಚಿ ಹಳೇ ಬಟ್ಟೆಯಲ್ಲಿ ಉಜ್ಜುತ್ತಿದ್ದಳು. ಸೀಮೆಎಣ್ಣೆಯಂಥ, ಒಂದಿಷ್ಟು ಹುಳಿಹುಳಿಯಾದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕನಕಪುರದ ಹಾಸ್ಟೆಲಿನ ಜಗಲಿಯ ಮೇಲೆ ಬೆಲ್ಟಿನ ಬಕಲ್ ಉಜ್ಜುತ್ತ ಕೂತ ಹುಡುಗನಾಗಿಬಿಟ್ಟೆ. ಅಕ್ಕಪಕ್ಕ ಸಾಲಾಗಿ ಹುಡುಗರು, ಮಾತು, ನಗು, ಯಾರ ಬೂಟು ಹೆಚ್ಚು ಮಿಂಚುತ್ತದೆ ಎಂಬ ಪಂದ್ಯ. ಆ ವರ್ಷ ನಾನು ಹಾಗೆ ಜನರ ನಡುವೆ ಕೂತದ್ದು ಅದೇ ಕಡೆಯದು.

ಅದು ಚೀನಾ ಯುದ್ಧದ ಮರುವರ್ಷ. ಸೋತ ಸಿಟ್ಟು ದೇಶದಲ್ಲೆಲ್ಲ ಇತ್ತು, ನಮ್ಮ ಸಾತನೂರು ಕಡೆಯ ಹಳ್ಳಿಗಳಲ್ಲೂ ಇತ್ತು. ಹೆಂಗಸರು ಕಿವಿಯ ಓಲೆ ಬಿಚ್ಚಿ ಯುದ್ಧದ ನಿಧಿಗೆ ಕೊಟ್ಟಿದ್ದರು. ಕಾಲೇಜಿನ ಗಂಡುಹುಡುಗರಿಗೆಲ್ಲ ಸೇನಾ ತರಬೇತಿ ಕಡ್ಡಾಯವಾಯಿತು. ಪರೇಡಿನ ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ನನಗೆ ಅದರಿಂದ ಏನೂ ಬೇಸರವಾಗಲಿಲ್ಲ. ಬೇಸರದ ಮಾತು ಹಾಗಿರಲಿ, ಯುದ್ಧ ನಡೆಯುತ್ತಿದ್ದಾಗ ಮನೆಯಲ್ಲಿ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಮಿಲಿಟರಿ ಭರ್ತಿಯ ಸಾಲಿನಲ್ಲಿ ನಿಂತವನು ನಾನು. ಎದೆಯ ಸುತ್ತಳತೆ ಸಾಲದೆಂದು ವಾಪಸು ಕಳಿಸಿದ್ದರು. ಬಸ್ಸಿನಲ್ಲಿ ಅತ್ತುಕೊಂಡು ಬಂದಿದ್ದೆ.

ನನ್ನ ಅಣ್ಣ ನಂಜಪ್ಪ ಅಷ್ಟರಲ್ಲಾಗಲೇ ಸಿಪಾಯಿಯಾಗಿ ಗಡಿಯಲ್ಲಿದ್ದ. ಅಪ್ಪ ತೀರಿಕೊಂಡ ಮೇಲೆ ಅವನು ಮಿಲಿಟರಿ ಸೇರಿದ್ದೇ ಮನೆ ನಡೆಯಲಿ, ನಾನು ಓದಲಿ ಎಂದು. ಊರಿನಲ್ಲಿ ಅವ್ವ ಮತ್ತು ಅತ್ತಿಗೆ ಒಂದಿಷ್ಟು ರಾಗಿ, ಒಂದಿಷ್ಟು ರೇಷ್ಮೆ ಮಾಡಿಕೊಂಡಿದ್ದರು. ನಾನು ಬಿ.ಎ. ಕಡೆಯ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದವರು ಇರಲಿಲ್ಲ.

ಮುಂಗಾರು ಹಿಡಿದ ಹೊತ್ತಿಗೆ ಅಣ್ಣ ರಜೆಯ ಮೇಲೆ ಬಂದ. ಹಿಮದಲ್ಲಿ ಎಡಗಾಲಿನ ಬೆರಳುಗಳು ಕೊಳೆತು, ಎರಡನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಊರಿನವರು ಬಸ್ ನಿಲ್ಲುವಲ್ಲಿಗೆ ತಮಟೆ ತಂದರು, ಹಾರ ಹಾಕಿದರು. ಅವನು ಎಲ್ಲರಿಗೂ ಕೈಮುಗಿದು, ಕುಂಟುತ್ತ ಮನೆಗೆ ಬಂದು, ಹುಳದ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ. ಒಳಗೆ ತಟ್ಟೆಗಳಲ್ಲಿ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು. ದಿನವೆಲ್ಲ ಅವನು ಅಲ್ಲೇ ಕೂತಿರುತ್ತಿದ್ದ. ಯುದ್ಧದ ಮಾತು ಕೇಳಲು ಬಂದವರಿಗೆ, "ಚಳಿ ಕಣಣ್ಣ, ಬಲೇ ಚಳಿ" ಎಂದಷ್ಟೇ ಹೇಳುತ್ತಿದ್ದ.

ನನ್ನ ಬಳಿ ಮಾತ್ರ ಒಮ್ಮೆ ಹೇಳಿದ. ಇಬ್ಬರೂ ಹಿಪ್ಪುನೇರಳೆ ತೋಟದಲ್ಲಿ ಕಡ್ಡಿ ಕೊಯ್ಯುತ್ತಿದ್ದೆವು. ಸಣ್ಣಗೆ ಹನಿಯುತ್ತಿತ್ತು. ಅವನು ಕುಡುಗೋಲು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಅಲ್ಲಿ ಎಷ್ಟು ಗುಂಡು ಹೊಡ್ದೆ ಅಂತ ಗೊತ್ತಿಲ್ಲ ಕಣ್ಲಾ ಶಿವಣ್ಣ. ಯಾರ್ಗೆ ತಾಗ್ತೋ ಅದೂ ಗೊತ್ತಿಲ್ಲ. ಬರೀ ಮಂಜು. ಇಳ್ದು ಬರೋವಾಗ ದಾರೀಲಿ ಒಬ್ಬ ಬಿದ್ದಿದ್ದ. ಅವ್ರ ಕಡೆಯೋನು. ಸತ್ತು ಬಾಳ ಹೊತ್ತಾಗಿರ್ಲಿಲ್ಲ. ನನ್ ಕೈ ಮರಗಟ್ಟೋಗಿತ್ತು. ಅವ್ನ ಕೈಚೀಲ ಕಿತ್ಕಂಡು ಹಾಕ್ಕಂಡೆ."

"ಕೈಚೀಲ?"

"ಚಳಿಗೆ ಕೈಗೆ ಹಾಕ್ಕತಾರಲ್ಲ, ಉಣ್ಣೇದು. ಒಳ್ಗೆ ಇನ್ನೂ ಒಸಿ ಬೆಚ್ಗಿತ್ತು." ಅವನು ಕೊಯ್ದ ಕಡ್ಡಿಯನ್ನು ಹೊರೆಗೆ ಹಾಕಿದ. "ಹೆಬ್ಬೆಟ್ಟಿನ ತಾವ ಹರ್ದಿತ್ತು, ತೇಪೆ ಹಾಕಿದ್ರು. ಸಣ್ಣ ಸಣ್ಣ ಹೊಲ್ಗೆ. ನಮ್ಮವ್ವ ಹಾಕಾದಿಲ್ವಾ, ಹಂಗೇ. ಕೆಳಗಿಳಿಯೋಗಂಟ ಅದ್ನೇ ನೋಡ್ಕಂಡು ನಡ್ದೆ."

"ಮತ್ತೆ ಹೋಗ್ತೀಯಾ ಅಣ್ಣ?" ಎಂದೆ.

"ಹೋಗ್ದೆ? ಅವ್ರು ಮತ್ತೆ ಬಂದ್ರೆ ಯಾರಾರ ನಿಂತ್ಕಬೇಕಲ್ಲ" ಎಂದ. ಹೊಲಕ್ಕೆ ಗೊಬ್ಬರ ಹೊಡೆಯಬೇಕಲ್ಲ ಎನ್ನುವವನ ಹಾಗೆ ಹೇಳಿದ. ಶ್ರಾವಣ ಮುಗಿಯುವ ಮೊದಲೇ ಹೊರಟುಹೋದ.

ನಾನು ಹಾಸ್ಟೆಲಿಗೆ ಮರಳಿದೆ. ಪರೇಡು ಶುರುವಾಯಿತು. ನಮಗೆ ಕಲಿಸಲು ಬಂದವರು ಹವಾಲ್ದಾರ್ ಮುತ್ತಯ್ಯ ಎಂಬ ಸೇಲಂ ಕಡೆಯ ಮನುಷ್ಯ. ಅಪ್ಪಣೆ ಕೊಡುವುದೆಲ್ಲ ಹಿಂದಿಯಲ್ಲಿ, ಬೈಯುವುದು ತಮಿಳಿನಲ್ಲಿ, ಸಮಾಧಾನ ಹೇಳುವುದು ಮುರುಕು ಕನ್ನಡದಲ್ಲಿ. ನನ್ನ ನಡಿಗೆ ಅವರಿಗೆ ಹಿಡಿಸಿತು. ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ರೈಫಲ್ ಬಿಚ್ಚಿ ಜೋಡಿಸುವುದನ್ನು ಬೇಗ ಕಲಿತೆ. ಮಾಗಡಿಯ ಕೆಂಪರಾಜು ನನ್ನ ಕೋಣೆಯವನು. ರಾತ್ರಿ ಊಟವಾದ ಮೇಲೆ ಇಬ್ಬರೂ ಬೂಟು ಉಜ್ಜುತ್ತ, ಓದು ಮುಗಿದೊಡನೆ ಒಟ್ಟಿಗೇ ಭರ್ತಿಯಾಗೋಣ ಎಂದು ಮಾತಾಡಿಕೊಂಡೆವು. ಅಣ್ಣ ಹೇಳಿದ ತೇಪೆಯ ಮಾತು ಎಲ್ಲೋ ಒಳಗಿತ್ತು. ಆದರೆ ಅದು ನನ್ನನ್ನು ತಡೆದಿರಲಿಲ್ಲ.

ದಸರಾ ರಜೆ ಕಳೆದ ಮೇಲೆ ಬಯೊನೆಟ್ ಅಭ್ಯಾಸ ಶುರುವಾಯಿತು. ಬಯೊನೆಟ್ ಅಂದರೆ ರೈಫಲ್ಲಿನ ತುದಿಗೆ ಸಿಕ್ಕಿಸುವ ಚೂರಿ. ಮೈದಾನದ ಕೊನೆಯಲ್ಲಿ ಗಳಗಳನ್ನು ನೆಟ್ಟು, ಹುಲ್ಲು ತುಂಬಿದ ಮೂಟೆಗಳನ್ನು ತೂಗುಹಾಕಿದ್ದರು. ಹುಡುಗರು ಅವಕ್ಕೆ ಹಳೇ ಅಂಗಿ ತೊಡಿಸಿ, ಇದ್ದಿಲಿನಲ್ಲಿ ಕಣ್ಣು ಮೂಗು ಬರೆದಿದ್ದರು. ಓಡಿಹೋಗಬೇಕು, ಕೂಗಬೇಕು, ಹೊಟ್ಟೆಯ ಭಾಗಕ್ಕೆ ತಿವಿಯಬೇಕು, ಒಳಗೇ ಒಂದು ಸುತ್ತು ತಿರುಗಿಸಿ ಎಳೆದುಕೊಳ್ಳಬೇಕು. ಯಾಕೆ ತಿರುಗಿಸಬೇಕು ಎಂಬುದನ್ನೂ ಮುತ್ತಯ್ಯನವರು ವಿವರಿಸಿದರು. ಹುಡುಗರು ಒಬ್ಬರಾದ ಮೇಲೊಬ್ಬರು ಓಡಿದರು. ಹುಲ್ಲು ಉದುರಿತು, ನಗು ಎದ್ದಿತು.

ನನ್ನ ಸರದಿ ಬಂತು. ಓಡಿದೆ, ಕೂಗಿದೆ. ಮೂಟೆ ಇನ್ನೊಂದು ಮಾರು ದೂರವಿದೆ ಅನ್ನುವಾಗ ನನ್ನ ಕೈಗಳನ್ನು ನೋಡಿಕೊಂಡೆ. ಅವು ತಾವಾಗಿಯೇ ಸರಿಯಾದ ಜಾಗ ಹಿಡಿದಿದ್ದವು. ಎಡಗೈ ಮುಂದೆ, ಬಲಗೈ ಸೊಂಟದ ಬಳಿ, ತುದಿ ಸ್ವಲ್ಪ ಮೇಲಕ್ಕೆ. ನಾನು ಹೇಳದೆಯೇ ಅವು ಎಲ್ಲವನ್ನೂ ಕಲಿತುಬಿಟ್ಟಿದ್ದವು. ಇನ್ನು ಎದುರಿಗಿರುವುದು ಹುಲ್ಲೋ ಮನುಷ್ಯನೋ ಎಂದು ಅವು ಕೇಳುವುದಿಲ್ಲ ಎನ್ನಿಸಿತು. ನಿಂತುಬಿಟ್ಟೆ. ರೈಫಲ್ಲನ್ನು ಎಸೆಯಬಾರದೆಂದು ನಮಗೆ ಕಲಿಸಿದ್ದರು. ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದೆ.

ಮುತ್ತಯ್ಯನವರು ಓಡಿ ಬಂದರು. "ಏನಪ್ಪಾ, ಜ್ವರಮಾ?"

"ಇಲ್ಲ ಸಾರ್. ನನ್ನ ಕೈಲಾಗೋದಿಲ್ಲ."

"ಹುಲ್ಲಪ್ಪಾ ಅದು! ಬರೀ ಹುಲ್ಲು!"

"ಗೊತ್ತು ಸಾರ್. ಆದರೆ ನಾವು ಕಲೀತಿರೋದು ಹುಲ್ಲು ಚುಚ್ಚೋದಲ್ಲವಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ರೈಫಲ್ ತಾವೇ ಎತ್ತಿಕೊಂಡು, ಬಯೊನೆಟ್ ಬಿಚ್ಚಿ, "ಹೋಗು, ಮರದ ಕೆಳಗೆ ಕೂತ್ಕೋ" ಎಂದರು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ಮಾರನೆಯ ದಿನ ಪ್ರಿನ್ಸಿಪಾಲರು ಕರೆಸಿದರು. ಅವರು ಖಾದಿ ಉಡುವವರು, ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲು ಕಂಡವರು. ಬಾಗಿಲು ಹಾಕಿಸಿ, ಕೂರಲು ಹೇಳಿದರು.

"ನಾನೂ ಒಂದು ಕಾಲದಲ್ಲಿ ಆಯುಧ ಮುಟ್ಟುವುದಿಲ್ಲ ಅಂದವನೇ ಕಣಪ್ಪ. ಆದರೆ ಇದು ನಮ್ಮ ದೇಶ. ನಾವೇ ಕಾಯದೆ ಹೋದರೆ ಯಾರು ಕಾಯ್ತಾರೆ?"

"ನಾನು ಕಾಯಲ್ಲ ಅನ್ನಲಿಲ್ಲ ಸಾರ್. ಗಾಯ ಆದವರನ್ನ ಹೊರ್ತೀನಿ, ಗುಂಡಿ ತೋಡ್ತೀನಿ, ಅಡುಗೆ ಮಾಡ್ತೀನಿ. ಎಲ್ಲಿಗೆ ಕಳಿಸಿದರೂ ಹೋಗ್ತೀನಿ. ಕೊಲ್ಲೋದು ಕಲಿಯಲ್ಲ."

"ನಿಯಮದಲ್ಲಿ ಅದಕ್ಕೆ ಜಾಗ ಇಲ್ಲವಲ್ಲ." ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. "ನಿಮ್ಮ ಮನೆಯಲ್ಲಿ ರೇಷ್ಮೆ ಇದೆ ಅಲ್ಲವೆ? ಗೂಡನ್ನು ಬಿಸಿನೀರಿಗೆ ಹಾಕುವಾಗ ಒಳಗಿನ ಹುಳು ಏನಾಗುತ್ತದೆ? ಆ ದುಡ್ಡಿನಲ್ಲಿ ತಾನೆ ನೀನು ಓದುತ್ತಿರುವುದು?"

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. "ಗೊತ್ತಿಲ್ಲ ಸಾರ್" ಎಂದೆ.

ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ. "ಹಿಂದಿನ ಸಾಲಿನಲ್ಲಿ ಸುಮ್ಮನೆ ರೈಫಲ್ ಹಿಡಿದು ನಿಂತುಕೋ. ಚುಚ್ಚಬೇಡ. ಹವಾಲ್ದಾರರಿಗೆ ನಾನು ಹೇಳುತ್ತೇನೆ. ಹಾಜರಿ ಬೀಳುತ್ತದೆ, ಪರೀಕ್ಷೆ ಬರೆದುಕೊಂಡು ಹೋಗು" ಎಂದರು. ಅದು ದೊಡ್ಡ ಮನಸ್ಸೇ. ಒಪ್ಪಿಕೊಳ್ಳಬಹುದಿತ್ತು. ಆದರೆ ಹಿಡಿದು ನಿಲ್ಲುವುದು, ಎಲ್ಲರಿಗೂ ಒಂದು ತೋರಿಸಿ ಒಳಗೆ ಇನ್ನೊಂದು ಇಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ. ಕೈಮುಗಿದು ಹೊರಗೆ ಬಂದೆ.

ಆಮೇಲೆ ಶುರುವಾದ ಒಂಟಿತನವನ್ನು ಹೇಗೆ ಹೇಳಲಿ. ನನ್ನನ್ನು ಯಾರೂ ಹೊಡೆಯಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎರಡೂ ಕಡೆ ಒಂದೊಂದು ಮಣೆ ಖಾಲಿ ಇರುತ್ತಿತ್ತು, ಅಷ್ಟೆ. ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಚೀನಾದವನು" ಎಂದು ಬರೆದಿದ್ದರು. ಅಳಿಸಿದರೆ ಮತ್ತೆ ಬರೆಯುತ್ತಿದ್ದರು. ಆಮೇಲೆ ಅಳಿಸುವುದನ್ನು ಬಿಟ್ಟೆ. ಕೆಂಪರಾಜು ಒಂದು ಸಂಜೆ ತನ್ನ ಹಾಸಿಗೆ ಸುತ್ತಿ, ಟ್ರಂಕನ್ನು ಬಾಗಿಲ ಕಡೆ ಎಳೆದ.

"ತಪ್ಪು ತಿಳ್ಕಬ್ಯಾಡ ಕಣೋ. ಇಲ್ಲಿದ್ರೆ ನನ್ನೂ ಹಂಗೇ ಅಂತಾರೆ."

"ನಾನು ಹೆದ್ರಿ ಬಿಟ್ಟೆ ಅನ್ಕಂಡಿದ್ದೀಯಾ?"

ಅವನು ಟ್ರಂಕಿನ ಹಿಡಿ ಬಿಟ್ಟು ನನ್ನ ಕಡೆ ತಿರುಗಿದ. "ಹೆದ್ರಿದ್ರೆ ನಂಗೆ ಅರ್ಥ ಆಗೋದು. ಇದು ಅರ್ಥ ಆಗ್ತಿಲ್ಲ" ಎಂದು ಟ್ರಂಕ್ ಎತ್ತಿಕೊಂಡು ಹೋದ.

ಪರೇಡಿನ ದಿನಗಳಲ್ಲಿ ನಾನು ಅರ್ಕಾವತಿಯ ದಂಡೆಗೆ ಹೋಗಿ ಕೂರುತ್ತಿದ್ದೆ. ಮಳೆಗಾಲದ ನೀರು ಇಳಿದು ಮರಳು ಬಿಟ್ಟುಕೊಂಡಿತ್ತು. ಅಗಸರು ಬಟ್ಟೆ ಒಗೆಯುತ್ತಿದ್ದರು. ಮೈದಾನದ ಅಪ್ಪಣೆಗಳು ಗಾಳಿಯಲ್ಲಿ ಅಲ್ಲಿಯವರೆಗೂ ಕೇಳುತ್ತಿದ್ದವು. ಬೂಟುಗಳೆಲ್ಲ ಒಟ್ಟಿಗೆ ನೆಲಕ್ಕೆ ಬೀಳುವ ಸದ್ದು ಕೇಳಿದರೆ ಕೂತಲ್ಲೇ ನನ್ನ ಕಾಲು ಅಲ್ಲಾಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆ ಸಾಲಿನಲ್ಲಿ ನಿಲ್ಲಬೇಕೆಂದು ಆಸೆಯಾಗುತ್ತಿತ್ತು. ಯಾರದೋ ಭುಜಕ್ಕೆ ನನ್ನ ಭುಜ ತಾಗಬೇಕು, ಎಲ್ಲರೊಂದಿಗೆ ಒಂದೇ ಕಡೆ ತಿರುಗಬೇಕು ಎಂದು. ದಿನಗಟ್ಟಲೆ ಮಾತಿಲ್ಲದೆ ಇದ್ದು, ಅಂಗಡಿಯಲ್ಲಿ ಸೋಪು ಕೇಳಲು ಬಾಯಿ ತೆರೆದರೆ ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು. ಅಷ್ಟಾಗಿಯೂ ಪರೇಡಿನ ದಿನ ಬಂದರೆ ಕಾಲು ಮೈದಾನದ ಕಡೆ ಹೋಗದೆ ಹೊಳೆಯ ಕಡೆಗೇ ಹೋಗುತ್ತಿತ್ತು.

ಸಂಕ್ರಾಂತಿಗೆ ಊರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಅಣ್ಣನಿಗೆ ತಮಟೆ ಹೊಡೆಸಿದ ಜನ ನಾನು ಬಸ್ಸಿಳಿದಾಗ ಬೀಡಿ ಸೇದುತ್ತ ಬೇರೆ ಕಡೆ ನೋಡಿದರು. ಅವ್ವ ಅತ್ತಳು. "ನಿಮ್ಮಣ್ಣನ ಮಕ ನೋಡಾರ ಆ ಕೋವೀನ ಒಂದ್ಸಲ ಹಿಡ್ಕಬುಡೋ ಮಗ. ಹಿಡ್ದು ಬುಟ್ಬುಡು. ಯಾರ್ನ ಸಾಯಿಸು ಅಂತಾರೆ ನಿಂಗೆ ಕನಕಪುರ್ದಾಗೆ?" ಎಂದಳು. ಅತ್ತಿಗೆ ಎರಡು ದಿನ ಮಾತಾಡಲೇ ಇಲ್ಲ. ಮೂರನೆಯ ದಿನ ನಾನು ಹುಳಕ್ಕೆ ಸೊಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳು. ನಿಂಗೆ ಜನ ಸಾಯ್ಸಾಕಿಷ್ಟ ಇಲ್ಲ. ಸರಿ. ನಿನ್ನಂಗೆ ಓದ್ದೋರೆಲ್ಲ ಹಿಂಗೇ ಅಂದ್ಬುಟ್ರೆ ಮುಂದ್ಕೆ ನಿಂತ್ಕಳೋದು ಯಾರು? ನನ್ ಗಂಡ. ಅಲ್ವಾ? ನಿನ್ ಕೈ ಸುದ್ದಾಗಿರ್ಲಿ ಅಂತ ಅವ್ರು ಕೊಳಕಾಗ್ಬೇಕಾ?"

ಪ್ರಿನ್ಸಿಪಾಲರ ಪ್ರಶ್ನೆಗಿಂತ ಇದು ಆಳಕ್ಕೆ ಇಳಿಯಿತು. "ಅಣ್ಣನ ಬದ್ಲು ನಾನು ಸಾಯಕ್ಕೆ ಬೇಕಾದ್ರೆ ಹೋಗ್ತೀನಿ ಅತ್ತಿಗೆ" ಎಂದೆ. ನಾಟಕದ ಮಾತಿನಂತಿದ್ದರೂ ಮನಸ್ಸಿನಿಂದಲೇ ಹೇಳಿದ್ದು.

"ಸಾಯದೇನೂ ದೊಡ್ದಲ್ಲ ಬುಡು" ಎಂದು ಅವರು ಒಳಗೆ ಹೋದರು. ಆಮೇಲೆ ಬಹಳ ವರ್ಷ ಅವರು ನನಗೆ ಊಟಕ್ಕೆ ಬಡಿಸಿದರೇ ಹೊರತು ಮಾತಾಡಿಸಲಿಲ್ಲ.

ಪರೀಕ್ಷೆಗೆ ನನ್ನನ್ನು ಕೂರಿಸಲಿಲ್ಲ. ಹುಡುಗರೆಲ್ಲ ಪರೀಕ್ಷೆ ಬರೆಯಲು ಹೋದ ಬೆಳಗ್ಗೆ ಟ್ರಂಕ್ ಹಿಡಿದು ಕನಕಪುರದ ಬಸ್ ಸ್ಟ್ಯಾಂಡಿಗೆ ಬಂದೆ. ಹವಾಲ್ದಾರ್ ಮುತ್ತಯ್ಯನವರು ಅಲ್ಲಿಗೆ ಬಂದಿದ್ದರು, ನನಗಾಗಿಯೇ ಬಂದರೋ ಬೇರೆ ಕೆಲಸಕ್ಕೋ ತಿಳಿಯಲಿಲ್ಲ. ಬಸ್ ಬರುವವರೆಗೆ ಪಕ್ಕದಲ್ಲಿ ಕೂತು, "ನನ್ನ ಜತೆಯವರೂ ಕೆಲವರು ಕೊಲ್ಲೋದು ಬೇಡ ಅಂದುಕೊಂಡರಪ್ಪಾ. ಆದರೆ ಗುಂಡು ಬೀಳುವ ಜಾಗಕ್ಕೆ ಹೋದ ಮೇಲೆ ಅಂದುಕೊಂಡರು. ನೀನು ಮೈದಾನದಲ್ಲೇ ಅಂದುಕೊಂಡೆ" ಎಂದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ. ನನ್ನ ಟ್ರಂಕನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಟ್ಟರು.

ಯುಗಾದಿ ಕಳೆದು ಅಣ್ಣ ಕೆಲವು ದಿನಗಳ ರಜೆಗೆ ಬಂದ. ಅಷ್ಟು ತಿಂಗಳೂ ನಾನು ಕಾದಿದ್ದದ್ದು ಅವನಿಗಾಗಿಯೇ. ಊರೆಲ್ಲ ಬೈದರೂ ಅವನೊಬ್ಬ ತಿಳಿದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಬಾವಿಯ ಹತ್ತಿರ ಎತ್ತುಗಳ ಮೈತೊಳೆಯುತ್ತಿದ್ದಾಗ ಹೋಗಿ, ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, "ನೀನು ಆ ತೇಪೆ ವಿಚಾರ ಹೇಳಿದ್ಯಲ್ಲಣ್ಣ, ಅದು ನನ್ ತಲೇಲಿತ್ತು" ಎಂದೆ.

ಅವನ ಕೈ ಎತ್ತಿನ ಬೆನ್ನ ಮೇಲೆ ನಿಂತಿತು.

"ಅದ್ಕಾ?" ಎಂದ. ಬಾವಿಗೆ ಹಗ್ಗ ಬಿಟ್ಟು ಒಂದು ಬಿಂದಿಗೆ ನೀರು ಸೇದಿಟ್ಟ. "ಅದ್ನ ನಾನು ನೀನು ಕೋವಿ ಬುಡ್ಲಿ ಅಂತ ಹೇಳ್ಲಿಲ್ಲ ಕಣ್ಲಾ. ಹೇಳ್ಕಳಾಕೆ ಇನ್ಯಾರೂ ಇರ್ಲಿಲ್ಲ, ಅದ್ಕೇ ಹೇಳ್ದೆ."

ಅಷ್ಟೇ. ಕೂಗಾಡಲಿಲ್ಲ, ಹೊಡೆಯಲಿಲ್ಲ. ನೀರು ಹುಯ್ದು ಎತ್ತು ಹೊಡೆದುಕೊಂಡು ಹೋದ. ಅವನ ರಜೆ ಮುಗಿಯುವವರೆಗೂ ನನ್ನ ಬಳಿ ಬೆಳೆ, ಮಳೆ, ಅವ್ವನ ಮಂಡಿನೋವು ಇಷ್ಟನ್ನೇ ಮಾತಾಡಿದ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ಯುದ್ಧಕ್ಕೂ ಅವನು ಹೋದ, ಜೀವ ಉಳಿಸಿಕೊಂಡು ಬಂದ. ಪೆನ್ಷನ್ ಪಡೆದು ಊರಿನಲ್ಲೇ ಬಾಳಿದ. ನಾನು ಕೆಲವು ವರ್ಷ ಹೊಲ ಮಾಡಿಕೊಂಡಿದ್ದು, ತರಬೇತಿಯ ಕಡ್ಡಾಯ ತೆಗೆದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ, ಮೇಷ್ಟ್ರಾಗಿ ಮಾಗಡಿ ತಾಲೂಕಿನಲ್ಲಿ ಕಾಲ ಕಳೆದೆ. ಇಬ್ಬರಿಗೂ ಮಕ್ಕಳಾದವು, ಹಬ್ಬಕ್ಕೆ ಸೇರುತ್ತಿದ್ದೆವು, ಜಗಳವೇನೂ ಇರಲಿಲ್ಲ. ಅವನು ಸಾಯುವ ತನಕ ಯುದ್ಧದ ಒಂದು ಮಾತನ್ನೂ ಮತ್ತೆ ನನಗೆ ಹೇಳಲಿಲ್ಲ. ನನಗೂ ಕೇಳುವ ಧೈರ್ಯವಾಗಲಿಲ್ಲ. ಎರಡನೆಯ ಯುದ್ಧದಲ್ಲಿ ಅವನು ಏನು ಕಂಡನೋ, ಅದನ್ನು ಯಾರಿಗೆ ಹೇಳಿಕೊಂಡನೋ ನನಗೆ ಗೊತ್ತಿಲ್ಲ. ಯಾರಿಗೂ ಹೇಳಿಕೊಂಡಿರಲಾರ.

ಆದರೆ ಆ ವರ್ಷ ಎಂದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಅವನು ರಜೆ ಮುಗಿಸಿ ಹೊರಟ ದಿನಕ್ಕೆ. ಅವನಿಗೆ ರೈಲು ಇದ್ದದ್ದು ರಾಮನಗರದಿಂದ. ಆಗಿನ್ನೂ ಜನರ ಬಾಯಲ್ಲಿ ಅದು ಕ್ಲೋಸ್‌ಪೇಟೆ. "ಟೇಸನ್‌ಗಂಟ ಬಾ" ಎಂದು ಅವನೇ ಕರೆದ. ಕನಕಪುರದಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ಬಂಡೆಗುಡ್ಡಗಳನ್ನು ನೋಡುತ್ತಿದ್ದ. ಇಳಿದ ಮೇಲೆ ಅವನ ಕಬ್ಬಿಣದ ಪೆಟ್ಟಿಗೆಯನ್ನು ನಾನು ತಲೆಯ ಮೇಲೆ ಹೊತ್ತೆ. ಅವನು ಯೂನಿಫಾರಮ್ಮಿನಲ್ಲಿ ಮುಂದೆ ಕುಂಟುತ್ತ ನಡೆದ. ಬಿಸಿಲು ಚುರುಗುಟ್ಟುತ್ತಿತ್ತು. ಮಾರಲು ರೇಷ್ಮೆಗೂಡು ತಂದ ರೈತರು ದಾರಿ ಬಿಟ್ಟು ನಿಂತು ಅವನನ್ನು ನೋಡಿದರು. ಒಬ್ಬ ಮುದುಕ ಕೈಮುಗಿದ.

ಸ್ಟೇಷನ್ನಿನ ಹೊರಗೆ ಒಂದು ಟೀ ಅಂಗಡಿ. ಅಂಗಡಿಯವನು ಅಣ್ಣನಿಗೆ ಬೆಂಚು ಒರೆಸಿಕೊಟ್ಟ, ಟೀಗೆ ದುಡ್ಡು ಬೇಡವೆಂದ. ನಾಲ್ಕಾರು ಜನ ಸುತ್ತ ಬಂದು ನಿಂತರು. ಎಲ್ಲಿದ್ದಿರಿ, ಎಷ್ಟು ಚಳಿ, ಮತ್ತೆ ಬರುತ್ತಾರಂತಾ ಎಂದೆಲ್ಲ ಕೇಳಿದರು. ಅಣ್ಣ ಎಂದಿನಂತೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ಅಂಗಡಿಯವನು ಪೆಟ್ಟಿಗೆಯ ಪಕ್ಕ ನಿಂತಿದ್ದ ನನ್ನನ್ನು ನೋಡಿ ಕೇಳಿದ.

"ತಮ್ಮನಾ? ಇವ್ರೂ ಮಿಲ್ಟ್ರಿಗೇ ಸೇರ್ತಾರಾ?"

ನಾನು ನೆಲ ನೋಡಿದೆ. ಅಣ್ಣ ಏನಾದರೂ ಹೇಳಿ ತಪ್ಪಿಸುತ್ತಾನೆ, ಇನ್ನೂ ಓದ್ತಾವ್ನೆ ಅನ್ನುತ್ತಾನೆ ಎಂದುಕೊಂಡೆ. ಹಾಗಂದರೆ ಸಾಕೆಂದು ಬೇಡಿಕೊಂಡೆ ಕೂಡ.

"ಇಲ್ಲ" ಎಂದ ಅಣ್ಣ. "ಜನಾನ ಕೊಲ್ಲಾಕಿಲ್ಲ ಅಂದವ್ನೆ. ಅದ್ಕೇ ಸೇರಾಕಿಲ್ಲ."

ಅಂಗಡಿಯವನ ಕೈ ಟೀ ಸೋಸುತ್ತ ಅರ್ಧಕ್ಕೆ ನಿಂತಿತು. ಅಣ್ಣ ಇನ್ನೇನಾದರೂ ಸೇರಿಸುತ್ತಾನೆಂದು ಕಾದೆ. ಹುಡುಗಬುದ್ಧಿ ಎನ್ನಬಹುದಿತ್ತು, ದಡ್ಡ ಎನ್ನಬಹುದಿತ್ತು. ಅವನು ಲೋಟದಲ್ಲಿ ಉಳಿದಿದ್ದ ಟೀಯನ್ನು ಊದಿ, ಕುಡಿದು, ಲೋಟ ಕೆಳಗಿಟ್ಟು ಎದ್ದ.

ರೈಲು ಬಂತು. ಪೆಟ್ಟಿಗೆಯನ್ನು ಒಳಗೆ ತಳ್ಳಿದೆ. ಬಾಗಿಲಲ್ಲಿ ನಿಂತು, "ಅವ್ವನ್ನ ನೋಡ್ಕ" ಎಂದ. ರೈಲು ಹೊರಟಿತು. ಆ ವರ್ಷ ನನ್ನನ್ನು ಹೇಡಿ ಎಂದವರಿದ್ದರು, ದೇಶದ್ರೋಹಿ ಎಂದವರಿದ್ದರು, ಹುಚ್ಚು ಹಿಡಿದಿದೆ ಎಂದು ಮರುಗಿದವರಿದ್ದರು. ನಾನು ಹೇಳಿದ್ದನ್ನು ನಾನು ಹೇಳಿದ ಹಾಗೆಯೇ ಇನ್ನೊಬ್ಬರಿಗೆ ಹೇಳಿದವನು ಅವನೊಬ್ಬನೇ. ಅದನ್ನು ಹೇಳಿ ಅವನು ಗಡಿಗೆ ಹೋದ. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.